ಖಾಲಿ ಶೀಶೆ, ಆರು ತಂತಿ

ಕನ್ನಡ ಸಂಘದ ಪತ್ರಿಕೆಗೆ ಅಮೆರಿಕದ ಗಿಟಾರ್ ವಾದಕನೊಬ್ಬನ ಜೀವನ ಚರಿತ್ರೆ ಯಾಕೆ ಅಂತ ಕೆಲವರು ಕೇಳಿಯಾರು. ಬೇಂದ್ರೆಯವರ ಬಗ್ಗೆ, ಕಾರಂತರ ಬಗ್ಗೆ, ಮಲ್ಲಿಕಾರ್ಜುನ ಮನ್ಸೂರರ ಬಗ್ಗೆ ಬರೆಯುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಬರೆಯಲಿ, ನಾನೂ ಓದುತ್ತೇನೆ. ಆದರೆ ಇಪ್ಪತ್ತನಾಲ್ಕನೆಯ ವಯಸ್ಸಿಗೇ ತೀರಿಕೊಂಡ ಡ್ವೇನ್ ಆಲ್ಮನ್ ಎಂಬ ಹುಡುಗನ ಕಥೆಯಲ್ಲಿ ನಮಗೆ, ಅಂದರೆ ಕವನ ಬರೆಯುವ, ನಾಟಕ ಆಡುವ, ಭಾಷಣ ಮಾಡುವ ನಮ್ಮಂಥವರಿಗೆ, ಬೇಕಾದ ಒಂದು ಮಾತಿದೆ ಅಂತ ನನಗೆ ಬಹಳ ದಿನಗಳಿಂದ ಅನ್ನಿಸುತ್ತಿದೆ. ಆ ಮಾತು 1971ರಲ್ಲಿ ಅವನ ತಂಡ ಹೊರತಂದ ಒಂದು ಧ್ವನಿಮುದ್ರಿಕೆಯಲ್ಲಿದೆ. ಅದು ಹೇಗೆ ತಯಾರಾಯಿತು ಅನ್ನೋದನ್ನು ಹೇಳಬೇಕಾದರೆ ಅವನ ಬದುಕನ್ನೇ ಹೇಳಬೇಕಾಗುತ್ತದೆ.

ನಾವಿರುವ ಮಲಾಡಿನಿಂದಲೇ ಶುರು ಮಾಡೋಣ. ಈ ಊರಿಗೂ ಧ್ವನಿಮುದ್ರಣಕ್ಕೂ ಹಳೆಯ ನಂಟಿದೆ. ಹಿಮಾಂಶು ರಾಯ್ ಮತ್ತು ದೇವಿಕಾ ರಾಣಿ 1934ರಲ್ಲಿ ಬಾಂಬೆ ಟಾಕೀಸ್ ಕಟ್ಟಿದ್ದು ಇಲ್ಲಿ, ಮಲಾಡಿನಲ್ಲಿ. 1936ರ ‘ಅಛೂತ್ ಕನ್ಯಾ’ ಚಿತ್ರಕ್ಕೆ ಸರಸ್ವತಿ ದೇವಿ ಸಂಗೀತ ಕೊಟ್ಟರು. ಆಗಿನ್ನೂ ಹಿನ್ನೆಲೆ ಗಾಯನ ಬೇರೂರಿರಲಿಲ್ಲ. ಅಶೋಕ್ ಕುಮಾರ್ ಮತ್ತು ದೇವಿಕಾ ರಾಣಿ ಕ್ಯಾಮೆರಾದ ಎದುರಿಗೆ ಅಭಿನಯಿಸುತ್ತಲೇ ಹಾಡಬೇಕಿತ್ತು. ವಾದ್ಯದವರು ಚಿತ್ರದಲ್ಲಿ ಕಾಣದ ಹಾಗೆ ಗಿಡಮರದ ಮರೆಯಲ್ಲಿ ಕೂತು ನುಡಿಸಬೇಕಿತ್ತು. ತಪ್ಪಿದರೆ ಮೊದಲಿನಿಂದ ಮತ್ತೆ. ಆಮೇಲೆ ಯಂತ್ರಗಳು ಬೆಳೆದವು. ಹಾಡುವವರು ಒಂದು ದಿನ, ನುಡಿಸುವವರು ಇನ್ನೊಂದು ದಿನ, ಕೂಡಿಸುವವರು ಮೂರನೆಯ ದಿನ ಅಂತಾಯಿತು. ಅನುಕೂಲವೇ ಸರಿ. ಆದರೆ ಒಬ್ಬರ ಉಸಿರು ಒಬ್ಬರಿಗೆ ಕೇಳಿಸುವಷ್ಟು ಹತ್ತಿರ ಕೂತು ನುಡಿಸುವಾಗ ಹುಟ್ಟುವುದು ಏನೋ ಒಂದಿದೆಯಲ್ಲ, ಅದು ಎಲ್ಲಿ ಹೋಯಿತು? ಈ ಪ್ರಶ್ನೆ ಡ್ವೇನ್ ಆಲ್ಮನ್‌ನನ್ನೂ ಕಾಡಿತ್ತು.

ಅವನು ಹುಟ್ಟಿದ್ದು 1946ರ ನವೆಂಬರ್ 20ರಂದು, ಟೆನೆಸಿ ರಾಜ್ಯದ ನ್ಯಾಶ್‌ವಿಲ್‌ನಲ್ಲಿ. ತಮ್ಮ ಗ್ರೆಗ್ ಒಂದು ವರ್ಷಕ್ಕೆ ಚಿಕ್ಕವನು. ತಂದೆ ವಿಲ್ಲಿಸ್ ಸೈನ್ಯದಲ್ಲಿದ್ದವರು. 1949ರ ಕ್ರಿಸ್‌ಮಸ್ ಮರುದಿನ, ದಾರಿಯಲ್ಲಿ ಪರಿಚಯವಾದ ಒಬ್ಬನನ್ನು ಕಾರಿನಲ್ಲಿ ಕೂರಿಸಿಕೊಂಡರು. ಅವನೇ ಅವರನ್ನು ಗುಂಡಿಟ್ಟು ಕೊಂದ. ಡ್ವೇನ್‌ಗೆ ಆಗ ಮೂರು ವರ್ಷ. ತಾಯಿ ಜೆರಾಲ್ಡಿನ್ ಲೆಕ್ಕಪತ್ರದ ವಿದ್ಯೆ ಕಲಿತು ಕೆಲಸ ಹಿಡಿಯಬೇಕೆಂದು ಇಬ್ಬರು ಮಕ್ಕಳನ್ನೂ ಸೈನಿಕ ಶಾಲೆಗೆ ಹಾಕಿದಳು. ಆ ಶಿಸ್ತು ಹುಡುಗರಿಗೆ ಒಗ್ಗಲಿಲ್ಲ. 1959ರಲ್ಲಿ ಸಂಸಾರ ಫ್ಲಾರಿಡಾದ ಡೇಟೋನಾ ಬೀಚ್‌ಗೆ ಬಂತು. ಅದೇ ಸುಮಾರಿಗೆ ಅಣ್ಣ ತಮ್ಮಂದಿರು ನ್ಯಾಶ್‌ವಿಲ್‌ನಲ್ಲಿ ಬಿ.ಬಿ. ಕಿಂಗ್ ಅವರ ಕಛೇರಿ ಕೇಳಿದರು. ಅಲ್ಲಿಗೆ ಅವರ ದಾರಿ ಗೊತ್ತಾಯಿತು.

ಮೊದಲು ಗಿಟಾರ್ ಕೊಂಡದ್ದು ಗ್ರೆಗ್. ಡ್ವೇನ್‌ಗೆ ಸಿಕ್ಕಿದ್ದು ಮೋಟಾರ್‌ಸೈಕಲ್. ಅದನ್ನು ಓಡಿಸಿ ಓಡಿಸಿ ಕೆಡಿಸಿ, ಅದರ ಬಿಡಿಭಾಗಗಳನ್ನು ಕೊಟ್ಟು ತಾನೂ ಒಂದು ಗಿಟಾರ್ ತಂದ. ಆಮೇಲೆ ಶಾಲೆ ಗೀಲೆ ಎಲ್ಲ ಹಿಂದೆ ಬಿತ್ತು. ಕಲಿಸಿದ ತಮ್ಮನನ್ನೇ ಸ್ವಲ್ಪ ದಿನದಲ್ಲಿ ಮೀರಿಸಿದ. ತಮ್ಮ ಹಾಡುಗಾರಿಕೆಗೆ, ಆರ್ಗನ್‌ಗೆ ತಿರುಗಿದ. ಇಬ್ಬರೂ ತಂಡ ಕಟ್ಟಿ ಊರೂರು ತಿರುಗಿದರು. 1967ರಲ್ಲಿ ‘ಅವರ್ ಗ್ಲಾಸ್’ ಎಂಬ ಹೆಸರಿನಲ್ಲಿ ಲಾಸ್ ಏಂಜಲೀಸ್‌ಗೆ ಹೋದರು. ಅಲ್ಲಿ ಲಿಬರ್ಟಿ ಎಂಬ ಧ್ವನಿಮುದ್ರಣ ಕಂಪನಿ ಎರಡು ಆಲ್ಬಮ್ ಮಾಡಿಸಿತು. ಯಾವ ಹಾಡು, ಹೇಗೆ ನುಡಿಸಬೇಕು, ಎಲ್ಲ ಕಂಪನಿಯದೇ ತೀರ್ಮಾನ. ವೇದಿಕೆಯ ಮೇಲೆ ಬೆಂಕಿಯಾಗಿದ್ದ ಹುಡುಗರು ತಟ್ಟೆಯಲ್ಲಿ ಬೂದಿಯಾದರು. 1968ರಲ್ಲಿ ತಾವೇ ಅಲಬಾಮಾದ ಮಸಲ್ ಶೋಲ್ಸ್ ಎಂಬ ಸಣ್ಣ ಊರಿಗೆ ಹೋಗಿ, ಅಲ್ಲಿನ ಫೇಮ್ ಸ್ಟುಡಿಯೋದಲ್ಲಿ ಬಿ.ಬಿ. ಕಿಂಗ್ ಹಾಡುಗಳನ್ನು ಮನಸ್ಸಿಗೆ ಬಂದಂತೆ ನುಡಿಸಿ ತಂದರೆ, ಕಂಪನಿಗೆ ಅದು ರುಚಿಸಲಿಲ್ಲ. ಡ್ವೇನ್ ಎದ್ದು ಹೊರಟೇಬಿಟ್ಟ. ಕರಾರಿನ ಋಣಕ್ಕೆ ಗ್ರೆಗ್ ಮಾತ್ರ ಅಲ್ಲೇ ಉಳಿಯಬೇಕಾಯಿತು.

ಶೀಶೆಯ ಪ್ರಸಂಗ ಬರುವುದು ಈ ದಿನಗಳಲ್ಲಿ. ಗ್ರೆಗ್ ಹೇಳಿಕೊಂಡಿರುವಂತೆ, ಡ್ವೇನ್ ಕುದುರೆಯಿಂದ ಬಿದ್ದು ಎಡ ಮೊಣಕೈ ನೋಯಿಸಿಕೊಂಡಿದ್ದ. ಮೇಲೆ ನೆಗಡಿ ಬೇರೆ. ಹುಟ್ಟುಹಬ್ಬಕ್ಕೆಂದು ತಮ್ಮ ಎರಡು ವಸ್ತು ತಂದು ಬಾಗಿಲಲ್ಲಿಟ್ಟು ಹೋದ. ಒಂದು ಕೋರಿಸಿಡಿನ್ ಎಂಬ ನೆಗಡಿ ಮಾತ್ರೆಯ ಗಾಜಿನ ಶೀಶೆ. ಇನ್ನೊಂದು ಬ್ಲೂಸ್ ಹಾಡುಗಾರನೊಬ್ಬನ ಮೊದಲ ಆಲ್ಬಮ್. ಆ ಹಾಡುಗಾರ ಇಟ್ಟುಕೊಂಡ ಹೆಸರು ತಾಜ್ ಮಹಲ್! ಅದರಲ್ಲಿ ‘ಸ್ಟೇಟ್ಸ್‌ಬರೋ ಬ್ಲೂಸ್’ ಎಂಬ ಹಳೆಯ ಹಾಡಿಗೆ ಜೆಸ್ಸಿ ಎಡ್ ಡೇವಿಸ್ ಎಂಬಾತ ಸ್ಲೈಡ್ ಗಿಟಾರ್ ನುಡಿಸಿದ್ದ. ಡ್ವೇನ್ ಮಾತ್ರೆ ಸುರಿದು, ಚೀಟಿಯನ್ನು ನೀರಿನಲ್ಲಿ ನೆನೆಸಿ ಕಿತ್ತು, ಖಾಲಿ ಶೀಶೆಯನ್ನು ಉಂಗುರದ ಬೆರಳಿಗೆ ಸಿಕ್ಕಿಸಿಕೊಂಡು ತಂತಿಯ ಮೇಲೆ ಜಾರಿಸತೊಡಗಿದ.

ಇದೇನು ಮಹಾ ಅಂತ ಕೇಳಬೇಡಿ. ಗಿಟಾರಿನಲ್ಲಿ ಮೆಟ್ಟುಗಳಿವೆ; ಬೆರಳು ಒತ್ತಿದ ಕಡೆ ಸ್ವರ ನಿಲ್ಲುತ್ತದೆ. ಶೀಶೆ ಜಾರಿಸಿದರೆ ಸ್ವರದಿಂದ ಸ್ವರಕ್ಕೆ ನಡುವೆ ಇರುವುದೆಲ್ಲ ಕೇಳಿಸುತ್ತದೆ. ನಮ್ಮ ಗೋಟುವಾದ್ಯದಲ್ಲಿ, ವಿಚಿತ್ರವೀಣೆಯಲ್ಲಿ ಆಗುವುದು ಇದೇ. ಬ್ರಿಜ್ ಭೂಷಣ್ ಕಾಬ್ರಾ ಗಿಟಾರನ್ನು ಮಡಿಲಿನಲ್ಲಿಟ್ಟು ರಾಗ ನುಡಿಸಿದ್ದೂ ಹೀಗೆಯೇ. ಅವರು ಶಿವಕುಮಾರ ಶರ್ಮಾ, ಹರಿಪ್ರಸಾದ್ ಚೌರಾಸಿಯಾ ಜೊತೆ ನುಡಿಸಿದ ‘ಕಾಲ್ ಆಫ್ ದಿ ವ್ಯಾಲಿ’ 1967ರಲ್ಲೇ ಬಂದಿತ್ತು. ಡ್ವೇನ್ ಮಾತ್ರ ಗಿಟಾರನ್ನು ನಿಂತು, ಎದೆಗೆ ಹಿಡಿದು ನುಡಿಸುತ್ತಿದ್ದ. ತಂತಿಗಳನ್ನು ಸಡಿಲಿಸಿ, ಬಿಗಿದು, ಸುಮ್ಮನೆ ಮೀಟಿದರೂ ಷಡ್ಜ, ಗಾಂಧಾರ, ಪಂಚಮ ಒಟ್ಟಿಗೆ ನುಡಿಯುವಂತೆ ಶ್ರುತಿ ಮಾಡಿಕೊಳ್ಳುತ್ತಿದ್ದ. ಗಿಟಾರು ಮಾತಾಡುವ ಬದಲು ಹಾಡಲು ಹತ್ತಿತು ಅನ್ನಬಹುದು.

1968ರ ಕೊನೆಗೆ ಡ್ವೇನ್ ಮತ್ತೆ ಮಸಲ್ ಶೋಲ್ಸ್‌ನಲ್ಲಿದ್ದ. ಕೂಲಿಗೆ ನುಡಿಸುವ ಕೆಲಸ. ಕರಿಯ ಗಾಯಕ ವಿಲ್ಸನ್ ಪಿಕೆಟ್ ಯಾವ ಹಾಡು ಹಾಡಬೇಕು ಅಂತ ತೋಚದೆ ಕೂತಿದ್ದಾಗ, ಬೀಟಲ್ಸ್ ತಂಡದ ‘ಹೇ ಜೂಡ್’ ಹಾಡೋಣ ಅಂತ ಸಲಹೆ ಕೊಟ್ಟವನು ಈ ಉದ್ದ ಕೂದಲಿನ ಹುಡುಗ. ಪಿಕೆಟ್ ಒಪ್ಪಲಿಲ್ಲ, ಸ್ಟುಡಿಯೋದ ಒಡೆಯ ರಿಕ್ ಹಾಲ್ ಕೂಡ ನಕ್ಕುಬಿಟ್ಟ. ಡ್ವೇನ್ ಬಿಡಲಿಲ್ಲ. ಆ ಹಾಡಿನ ಕೊನೆಯಲ್ಲಿ ಅವನ ಗಿಟಾರ್ ಕೇಳಿ ಇಂಗ್ಲೆಂಡಿನ ಎರಿಕ್ ಕ್ಲಾಪ್ಟನ್ ಇದು ಯಾರು ಅಂತ ವಿಚಾರಿಸಿದನಂತೆ. ಅರೀತಾ ಫ್ರಾಂಕ್ಲಿನ್, ಬಾಜ್ ಸ್ಕ್ಯಾಗ್ಸ್ ಮುಂತಾದವರ ತಟ್ಟೆಗಳಲ್ಲೂ ಡ್ವೇನ್ ನುಡಿಸಿದ. ದುಡ್ಡು, ಹೆಸರು ಎರಡೂ ಬರುವ ಕೆಲಸ. ಅಲ್ಲೇ ಇದ್ದಿದ್ದರೆ ಸುಖವಾಗಿ ಇರುತ್ತಿದ್ದ. ಆದರೆ ಅದು ಇನ್ನೊಬ್ಬರ ಹಾಡಿಗೆ ಒಗ್ಗರಣೆ ಹಾಕುವ ಕೆಲಸ. ಅವನಿಗೆ ಸ್ವಂತ ಅಡುಗೆ ಮಾಡಬೇಕಿತ್ತು.

ಅವನ ವಾದನದ ಸುದ್ದಿ ಕೇಳಿ ಹುಡುಕಿಕೊಂಡು ಬಂದವನು ಜೈಮೋ ಎಂಬ ಕರಿಯ ಡ್ರಮ್ ವಾದಕ. ಇವನು ಜಾಝ್ ಹುಚ್ಚಿನವನು. ಮೈಲ್ಸ್ ಡೇವಿಸ್, ಜಾನ್ ಕೋಲ್ಟ್ರೇನ್ ಇವರ ಸಂಗೀತವನ್ನು ಡ್ವೇನ್‌ಗೆ ಹಚ್ಚಿಸಿದ. ಒಂದೇ ಸ್ವರಶ್ರೇಣಿಯಲ್ಲಿ ಆತುರವಿಲ್ಲದೆ ಬಹಳ ಹೊತ್ತು ತಿರುಗಾಡುವುದು ಹೇಗೆ ಅನ್ನೋದನ್ನು ಡ್ವೇನ್ ಅವರಿಂದ ಕಲಿತ. ರಾಗ ಕೇಳಿ ಬೆಳೆದ ನಮಗೆ ಇದು ಹೊಸತಲ್ಲ, ಅವರಿಗೆ ಹೊಸತು. 1969ರ ಮಾರ್ಚ್ 26ರಂದು ಫ್ಲಾರಿಡಾದ ಜಾಕ್ಸನ್‌ವಿಲ್‌ನ ಒಂದು ಮನೆಯಲ್ಲಿ ಕೆಲವರು ಸೇರಿ ಗಂಟೆಗಟ್ಟಲೆ ನುಡಿಸಿದರು: ಡ್ವೇನ್, ಇನ್ನೊಬ್ಬ ಗಿಟಾರ್ ವಾದಕ ಡಿಕ್ಕಿ ಬೆಟ್ಸ್, ಬಾಸ್ ಗಿಟಾರಿನ ಬೆರ್ರಿ ಓಕ್ಲಿ, ಡ್ರಮ್‌ಗೆ ಜೈಮೋ ಮತ್ತು ಬಚ್ ಟ್ರಕ್ಸ್. ತಂಡ ಹುಟ್ಟಿತು. ಲಾಸ್ ಏಂಜಲೀಸ್‌ನಲ್ಲಿದ್ದ ಗ್ರೆಗ್‌ಗೆ ಕರೆ ಹೋಯಿತು. ಹೆಸರು ಆಲ್ಮನ್ ಬ್ರದರ್ಸ್ ಬ್ಯಾಂಡ್.

ಎರಡು ಗಿಟಾರ್, ಎರಡು ಡ್ರಮ್. ಯಕ್ಷಗಾನ ನೋಡಿದವರಿಗೆ ಚಂಡೆ-ಮದ್ದಳೆ ಅಂದರೆ ಅರ್ಥವಾದೀತು: ಒಂದು ಅಬ್ಬರಿಸುವಾಗ ಇನ್ನೊಂದು ಅದರ ಸಂದಿಯಲ್ಲಿ ನುಡಿಯುತ್ತದೆ. ಟ್ರಕ್ಸ್ ರೈಲಿನ ಹಾಗೆ ಓಡಿಸುತ್ತಿದ್ದ. ಜೈಮೋ ಒಳಗೊಳಗೇ ಬಳ್ಳಿ ಬಿಡುತ್ತಿದ್ದ.

ತಂಡ ನೆಲೆಸಿದ್ದು ಜಾರ್ಜಿಯಾ ರಾಜ್ಯದ ಮೇಕನ್ ಊರಿನಲ್ಲಿ. ಅಮೆರಿಕದ ದಕ್ಷಿಣ ಅಂದರೆ ಗುಲಾಮಗಿರಿಯ ನೆಲ. ಕರಿಯರಿಗೂ ಬಿಳಿಯರಿಗೂ ಬೇರೆ ಬೇರೆ ಆಸನ, ಬೇರೆ ಬೇರೆ ಶಾಲೆ ಎಂಬ ಕಾನೂನು ರದ್ದಾಗಿ ಐದು ವರ್ಷವೂ ತುಂಬಿರಲಿಲ್ಲ. ಅಲ್ಲಿ ಒಬ್ಬ ಕರಿಯ, ಐವರು ಬಿಳಿಯರು ಒಂದೇ ಮನೆಯಲ್ಲಿ ಮಲಗಿ ಎದ್ದು, ಒಂದೇ ವ್ಯಾನಿನಲ್ಲಿ ತಿರುಗುವುದು ಸಣ್ಣ ಸಂಗತಿಯಾಗಿರಲಿಲ್ಲ. ಕೈಯಲ್ಲಿ ಕಾಸಿಲ್ಲ. ಆ ಊರಿನ ಎಚ್ ಅಂಡ್ ಎಚ್ ಎಂಬ ಊಟದ ಹೋಟೆಲಿನಲ್ಲಿ ಲೂಯಿಸ್ ಹಡ್ಸನ್ ಎಂಬ ಕರಿಯ ತಾಯಿ ಅಡುಗೆ ಮಾಡುತ್ತಿದ್ದಳು. ಒಂದೆರಡು ತಟ್ಟೆ ಊಟ ಕೊಂಡು ಎಲ್ಲರೂ ಹಂಚಿಕೊಳ್ಳಲು ಕೂತ ಹುಡುಗರನ್ನು ನೋಡಿ, ಒಬ್ಬೊಬ್ಬರಿಗೂ ಒಂದೊಂದು ತಟ್ಟೆ ತುಂಬಿಸಿ ಕೊಟ್ಟಳು. ದುಡ್ಡು ಆಮೇಲೆ. ಮುಂಬಯಿಯ ಉಡುಪಿ ಹೋಟೆಲುಗಳಲ್ಲಿ ಲೆಕ್ಕ ಬರೆಸಿ ಉಂಡು, ರಾತ್ರಿ ಶಾಲೆಯಲ್ಲಿ ಓದಿದವರ ಮಕ್ಕಳು ನಮ್ಮಲ್ಲಿ ಎಷ್ಟು ಜನ! ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲ ಆಲ್ಬಮ್ 1969ರ ನವೆಂಬರ್‌ನಲ್ಲಿ ಬಂತು, ಎರಡನೆಯದು 1970ರ ಸೆಪ್ಟೆಂಬರ್‌ನಲ್ಲಿ. ಎರಡೂ ಹೇಳಿಕೊಳ್ಳುವಷ್ಟು ಮಾರಾಟವಾಗಲಿಲ್ಲ. ಆದರೆ ಕಛೇರಿಗಳಿಗೆ ಜನ ಮುಗಿಬೀಳುತ್ತಿದ್ದರು. 1970ರಲ್ಲಿ ಸುಮಾರು 300 ರಾತ್ರಿ ಅವರು ನುಡಿಸಿದರಂತೆ. ರೋಗ ಏನು ಅಂತ ಡ್ವೇನ್‌ಗೆ ಗೊತ್ತಿತ್ತು. ಸ್ಟುಡಿಯೋದಲ್ಲಿ ಹಾಡಿಗೆ ಐದು ನಿಮಿಷದ ಚೌಕಟ್ಟು, ಎದುರಿಗೆ ಕೇಳುವವರಿಲ್ಲ. ಅವರ ಸಂಗೀತ ಹುಟ್ಟುತ್ತಿದ್ದುದು ಕೇಳುವವರ ಎದುರಿಗೆ. ನಮ್ಮ ಹಳೆಯ ಗಾಯಕರಿಗೆ ಮೂರು ನಿಮಿಷದ ಗ್ರಾಮಫೋನ್ ತಟ್ಟೆಯಲ್ಲಿ ಖ್ಯಾಲ್ ತುಂಬುವಾಗ ಆದ ಕಷ್ಟವೇ ಇದು.

ನಡುವೆ ಇನ್ನೊಂದು ಸಂಗತಿ ಆಯಿತು. 1970ರ ಆಗಸ್ಟ್ 26ರಂದು ತಂಡ ಮಯಾಮಿಯಲ್ಲಿ ನುಡಿಸುತ್ತಿದ್ದಾಗ ಕ್ಲಾಪ್ಟನ್ ಬಂದು ವೇದಿಕೆಯ ಮುಂದೆ ಕೂತ. ಅವನನ್ನು ಕಂಡು ಡ್ವೇನ್‌ನ ಕೈ ಗಕ್ಕನೆ ನಿಂತುಬಿಟ್ಟಿತು. ಆ ರಾತ್ರಿ ಅಲ್ಲಿನ ಕ್ರೈಟೀರಿಯಾ ಸ್ಟುಡಿಯೋದಲ್ಲಿ ಇಬ್ಬರೂ ಬೆಳಗಿನವರೆಗೆ ನುಡಿಸಿದರು. ಫಲವಾಗಿ ಬಂದದ್ದು ‘ಲೈಲಾ’ ಆಲ್ಬಮ್. ಪರ್ಷಿಯಾದ ನಿಜಾಮಿ ಬರೆದ ಲೈಲಾ-ಮಜ್ನೂ ಕಥೆಯಿಂದ ಕ್ಲಾಪ್ಟನ್‌ಗೆ ಆ ಹೆಸರು ಸಿಕ್ಕಿತ್ತು. ಆ ಹಾಡಿನ ಪ್ರಸಿದ್ಧವಾದ ಆರಂಭದ ಏಳು ಸ್ವರಗಳ ಪಲುಕು ಡ್ವೇನ್‌ನ ಕೊಡುಗೆ. ಕ್ಲಾಪ್ಟನ್ ತನ್ನ ತಂಡಕ್ಕೇ ಬಂದುಬಿಡು ಅಂತ ಕರೆದ. ಡ್ವೇನ್ ಹೋಗಲಿಲ್ಲ, ವ್ಯಾನಿನಲ್ಲಿ ಕಾಯುತ್ತಿದ್ದ ತನ್ನವರ ಬಳಿಗೇ ಹಿಂತಿರುಗಿದ.

ಇನ್ನು ನಾನು ಹೇಳಹೊರಟ ಆಲ್ಬಮ್. ಸಂಗೀತವನ್ನು ಯಂತ್ರದ ಬಳಿಗೆ ಎಳೆದೊಯ್ಯುವ ಬದಲು ಯಂತ್ರವನ್ನೇ ಸಂಗೀತದ ಬಳಿಗೆ ತರೋಣ ಅಂತ ತಂಡ ತೀರ್ಮಾನಿಸಿತು. ಜಾಗ ನ್ಯೂಯಾರ್ಕಿನ ಫಿಲ್ಮೋರ್ ಈಸ್ಟ್. ಬಿಲ್ ಗ್ರಹಾಂ ಎಂಬವರು ಹಳೆಯ ಥಿಯೇಟರೊಂದನ್ನು ಹಿಡಿದು 1968ರಲ್ಲಿ ತೆರೆದ ಸಭಾಂಗಣ ಅದು. ಎರಡೂವರೆ ಸಾವಿರಕ್ಕೂ ಹೆಚ್ಚು ಆಸನ. 1971ರ ಮಾರ್ಚ್ 11ರಿಂದ 13ರವರೆಗೆ ಕಾರ್ಯಕ್ರಮ. ಜಾಹೀರಾತಿನಲ್ಲಿ ಮೇಲಿನ ಹೆಸರು ಜಾನಿ ವಿಂಟರ್‌ನದು. ಇವರದು ಕೆಳಗೆ, ಹೆಚ್ಚುವರಿ ಆಕರ್ಷಣೆ ಎಂದು.

ಹೊರಗೆ ಬೀದಿಯಲ್ಲಿ ಧ್ವನಿಮುದ್ರಣದ ಟ್ರಕ್ಕು ನಿಂತಿತು. ಅದರೊಳಗೆ ಟಾಮ್ ಡೌಡ್. ಈತ ಸಾಮಾನ್ಯನಲ್ಲ. ಹುಡುಗನಾಗಿದ್ದಾಗ ಅಣುಬಾಂಬಿನ ಯೋಜನೆಗೆ ಸೇರಿದ ಭೌತಶಾಸ್ತ್ರದ ಕೆಲಸ ಮಾಡಿ, ಯುದ್ಧ ಮುಗಿದ ಮೇಲೆ ಸಂಗೀತದ ಧ್ವನಿಮುದ್ರಣಕ್ಕೆ ಬಂದವನು. ತಂಡದ ಎರಡನೆಯ ಆಲ್ಬಮ್, ‘ಲೈಲಾ’ ಎರಡೂ ಅವನ ಉಸ್ತುವಾರಿಯಲ್ಲೇ ಆಗಿದ್ದವು. ಘಾನಾ ದೇಶದಲ್ಲಿ ಒಂದು ಸಂಗೀತ ಚಿತ್ರದ ಕೆಲಸ ಮುಗಿಸಿ ನ್ಯೂಯಾರ್ಕಿನಲ್ಲಿ ಇಳಿದವನು ನೇರ ಟ್ರಕ್ಕಿಗೇ ಬಂದ. ಕೇಳುತ್ತಿದ್ದಂತೆ ಇದ್ದಕ್ಕಿದ್ದಂತೆ ಕೊಂಬು ಕಹಳೆಗಳ ಸದ್ದು! ಡ್ವೇನ್ ಉತ್ಸಾಹದಲ್ಲಿ ಸ್ಯಾಕ್ಸೋಫೋನ್‌ನ ಗೆಳೆಯರನ್ನೂ ವೇದಿಕೆಗೆ ಹತ್ತಿಸಿದ್ದ. ಶ್ರುತಿ ಕೂಡುತ್ತಿರಲಿಲ್ಲ, ಬೇರೆ ವಾದ್ಯಗಳ ಮೈಕಿಗೂ ಅದು ನುಗ್ಗಿದರೆ ಆಮೇಲೆ ತೆಗೆಯಲಾಗದು. ಡೌಡ್ ಹಠ ಹಿಡಿದು ಅವರನ್ನು ಕೈಬಿಡಿಸಿದ. ಡ್ವೇನ್ ಕೇಳಿದ. ತಂಡದ ನಾಯಕ, ಅದೂ ಇಪ್ಪತ್ತನಾಲ್ಕರ ಬಿಸಿರಕ್ತ, ಇನ್ನೊಬ್ಬನ ಕಿವಿಯನ್ನು ನಂಬಿದ ಅನ್ನೋದು ನನಗೆ ದೊಡ್ಡದಾಗಿ ಕಾಣುತ್ತದೆ.

ರಾತ್ರಿ ಆಟ ಮುಗಿದ ಮೇಲೆ ಯಾರೂ ಮಲಗಲು ಹೋಗಲಿಲ್ಲ. ಎಲ್ಲರೂ ಅಟ್ಲಾಂಟಿಕ್ ಕಂಪನಿಯ ಸ್ಟುಡಿಯೋಗೆ ಹೋಗಿ ಅಂದಿನ ಟೇಪು ಕೇಳುವುದು. ಇದು ಸರಿಯಾಗಿದೆ, ನಾಳೆ ಬೇಡ. ಅದು ಸರಿಯಾಗಿಲ್ಲ, ನಾಳೆ ಮತ್ತೆ ನುಡಿಸೋಣ. ಹೀಗೆ ಮರುದಿನದ ಪಟ್ಟಿ ತಯಾರಾಗುತ್ತಿತ್ತು. ಆಮೇಲೆ ಯಾವ ವಾದ್ಯವನ್ನೂ ಹೊಸದಾಗಿ ಸೇರಿಸಲಿಲ್ಲ. ‘ಯೂ ಡೋಂಟ್ ಲವ್ ಮಿ’ ಎಂಬ 19 ನಿಮಿಷದ ಹಾಡಿನಲ್ಲಿ ಮಾತ್ರ ಎರಡು ಆಟಗಳ ಭಾಗಗಳನ್ನು ಡೌಡ್ ಕತ್ತರಿಸಿ ಜೋಡಿಸಿದ.

ಎರಡು ತಟ್ಟೆ, ನಾಲ್ಕು ಬದಿ, ಒಟ್ಟು ಏಳೇ ಹಾಡು. ಮೊದಲನೆಯದು, ಶೀಶೆ ಹಾಕಿಕೊಂಡು ಕಲಿತ ಅದೇ ‘ಸ್ಟೇಟ್ಸ್‌ಬರೋ ಬ್ಲೂಸ್’. ಮೂರನೆಯ ಬದಿಯಲ್ಲಿ ಬೆಟ್ಸ್ ರಚಿಸಿದ ‘ಇನ್ ಮೆಮರಿ ಆಫ್ ಎಲಿಜಬೆತ್ ರೀಡ್’. ಮೇಕನ್ನಿನ ರೋಸ್ ಹಿಲ್ ಸ್ಮಶಾನದ ಒಂದು ಹಳೆಯ ಗೋರಿಕಲ್ಲಿನ ಮೇಲಿನ ಹೆಸರು ಅದು. ಕೊನೆಯ ಬದಿಗೆ ಒಂದೇ ಹಾಡು, ‘ವಿಪ್ಪಿಂಗ್ ಪೋಸ್ಟ್’, ಸುಮಾರು 23 ನಿಮಿಷ. ಅಂದರೆ ಚಾವಟಿಯೇಟಿಗೆ ಕಟ್ಟುವ ಕಂಬ. ಮೊದಲ ಆಲ್ಬಮ್‌ನಲ್ಲಿ ಇದೇ ಹಾಡು ಐದು ನಿಮಿಷದ್ದು. ನಡುರಾತ್ರಿ ಹೊಳೆದ ಸಾಲುಗಳನ್ನು ಬರೆಯಲು ಕಾಗದ ಸಿಗದೆ, ಇಸ್ತ್ರಿ ಮಾಡುವ ಮಣೆಯ ಬಟ್ಟೆಯ ಮೇಲೆ ಸುಟ್ಟ ಬೆಂಕಿಕಡ್ಡಿಯಿಂದ ಬರೆದೆ ಅಂತ ಗ್ರೆಗ್ ಹೇಳಿಕೊಂಡಿದ್ದಾನೆ. ಅದರ ಆರಂಭದ ನಡೆ ಹನ್ನೊಂದು ಎಣಿಕೆಯದು: ಮೂರು, ಮೂರು, ಮೂರು, ಎರಡು. ಕಟ್ಟಿದ ಗ್ರೆಗ್‌ಗೇ ಅದು ಹನ್ನೊಂದು ಅಂತ ಗೊತ್ತಿರಲಿಲ್ಲ, ಅಣ್ಣ ಎಣಿಸಿ ತೋರಿಸಿದ. ಬೆರಳು ಮಡಿಸಿ ತಾಳ ಹಾಕುತ್ತಾ ಕೇಳಿ ನೋಡಿ, ಆ ಕೊನೆಯ ಎರಡರಲ್ಲಿ ಎಡವಿದ ಹಾಗಾಗಿ ಮತ್ತೆ ಓಡುತ್ತದೆ.

ಆ 23 ನಿಮಿಷದಲ್ಲಿ ನಡುವೆ ಎಲ್ಲವೂ ತಣ್ಣಗಾಗಿ, ತಾಳವೇ ಕರಗಿ, ಒಬ್ಬನೇ ಪಿಸುಗುಟ್ಟುವಂತೆ ನುಡಿಸುವ ಜಾಗಗಳಿವೆ. ಉಳಿದವರು ಏನು ಮಾಡುತ್ತಿದ್ದಾರೆ? ಕೇಳುತ್ತಿದ್ದಾರೆ. ಅವನು ಎಲ್ಲಿಗೆ ಹೋಗುತ್ತಾನೆ ಅಂತ ಅವರಿಗೂ ಗೊತ್ತಿಲ್ಲ. ಗೊತ್ತಾದ ಕೂಡಲೇ ಆರೂ ಜನ ಒಟ್ಟಿಗೆ ಏಳುತ್ತಾರೆ. ನನಗೆ ಬೇಕಾದ ಮಾತು ಇದು. ಡ್ವೇನ್‌ನನ್ನು ಜನ ಗಿಟಾರಿನ ವೀರ ಅಂತ ಕೊಂಡಾಡುತ್ತಾರೆ. ಈ ತಟ್ಟೆ ಕೇಳಿದರೆ ಅವನ ದೊಡ್ಡಸ್ತಿಕೆ ಇರುವುದು ನುಡಿಸುವುದರಲ್ಲಿ ಎಷ್ಟೋ, ನಿಲ್ಲಿಸಿ ಜಾಗ ಬಿಡುವುದರಲ್ಲಿಯೂ ಅಷ್ಟೇ ಅಂತ ಅನ್ನಿಸುತ್ತದೆ. ನಮ್ಮ ಕವಿಗೋಷ್ಠಿಗಳಲ್ಲಿ ತನ್ನ ಸರದಿ ಬರುವವರೆಗೆ ಕಾಗದ ಮಡಿಸುತ್ತಾ ಕೂರುವವರೇ ಹೆಚ್ಚು. ಪಕ್ಕದವನ ಕವನ ಕೇಳಿ ತನ್ನದನ್ನು ಬದಲಾಯಿಸಿಕೊಂಡವರನ್ನು ನಾನು ಕಂಡಿಲ್ಲ.

ಒಂದು ತಕರಾರು ಬರುತ್ತದೆ, ಅದನ್ನು ಮರೆಮಾಚಬಾರದು. ಬ್ಲೂಸ್ ಕರಿಯರ ಸಂಗೀತ. ಹತ್ತಿ ಹೊಲದ ದುಡಿಮೆಯಲ್ಲಿ, ಅವಮಾನದಲ್ಲಿ ಹುಟ್ಟಿದ್ದು. ಚಾವಟಿ ಕಂಬಕ್ಕೆ ಕಟ್ಟಿಸಿಕೊಂಡವರ ಮೊಮ್ಮಕ್ಕಳು ಅವರು. ಅದನ್ನು ಉಪಮೆಯಾಗಿಸಿ ಹಾಡಿದವನು ಬಿಳಿಯ ಹುಡುಗ. ‘ಸ್ಟೇಟ್ಸ್‌ಬರೋ ಬ್ಲೂಸ್’ ರಚಿಸಿ 1928ರಲ್ಲಿ ತಟ್ಟೆಗೆ ಹಾಡಿದ ಬ್ಲೈಂಡ್ ವಿಲ್ಲಿ ಮ್ಯಾಕ್‌ಟೆಲ್ ಅದೇ ಜಾರ್ಜಿಯಾದ ಕುರುಡ ಗಾಯಕ. 1959ರಲ್ಲಿ ತೀರಿಕೊಂಡಾಗ ಅವನನ್ನು ಬಲ್ಲವರು ಕಡಿಮೆ. ಬೆಳೆ ಅವರದು, ಫಸಲು ಇವರದೇ? ಈ ಪ್ರಶ್ನೆಗೆ ಪೂರ್ತಿ ಉತ್ತರ ನನ್ನಲ್ಲಿಲ್ಲ. ಇಷ್ಟು ಮಾತ್ರ ಹೇಳಬಲ್ಲೆ: ತಟ್ಟೆಯ ಮೇಲೆ ಮ್ಯಾಕ್‌ಟೆಲ್, ಟಿ-ಬೋನ್ ವಾಕರ್, ವಿಲ್ಲಿ ಕಾಬ್ಸ್ ಇವರ ಹೆಸರುಗಳು ಅಚ್ಚಾಗಿವೆ, ಜೈಮೋ ಅತಿಥಿಯಾಗಿರಲಿಲ್ಲ, ತಂಡದ ಬೆನ್ನೆಲುಬಾಗಿದ್ದ. ನಮ್ಮಲ್ಲಿ ಸೋಬಾನೆ ಪದದ ಮಟ್ಟು, ಲಾವಣಿಯ ಮಟ್ಟು ಸಿನಿಮಾಕ್ಕೆ ಹೋದಾಗ ಅದನ್ನು ಹಾಡಿಕೊಂಡು ಬಂದ ಅಜ್ಜಿಯ ಹೆಸರು ಎಷ್ಟು ಸಲ ಅಚ್ಚಾಗಿದೆ? ಬೇರೆಯವರತ್ತ ಬೆರಳು ತೋರುವ ಮುಂಚೆ ಅದನ್ನೂ ಯೋಚಿಸಬೇಕು.

1971ರ ಜುಲೈನಲ್ಲಿ ಆಲ್ಬಮ್ ‘ಅಟ್ ಫಿಲ್ಮೋರ್ ಈಸ್ಟ್’ ಹೊರಬಂತು. ಅಷ್ಟರಲ್ಲಿ ಆ ಸಭಾಂಗಣವೇ ಮುಚ್ಚಿಹೋಗಿತ್ತು. ಜೂನ್ ಕೊನೆಯ ಮುಕ್ತಾಯದ ಕಛೇರಿಯಲ್ಲೂ ಕೊನೆಗೆ ನುಡಿಸಿದವರು ಇವರೇ. ಮುಖಪುಟದಲ್ಲಿ ಮೇಕನ್ನಿನ ಇಟ್ಟಿಗೆ ಗೋಡೆಯ ಮುಂದೆ ಸಾಮಾನಿನ ಪೆಟ್ಟಿಗೆಗಳ ನಡುವೆ ಆರೂ ಜನ ನಗುತ್ತಾ ಕೂತಿದ್ದಾರೆ. ಹಿಂಬದಿಯಲ್ಲಿ ಪೆಟ್ಟಿಗೆ ಹೊರುವ, ತಂತಿ ಎಳೆಯುವ ಕೆಲಸಗಾರರ ಚಿತ್ರ. ಅವರನ್ನೂ ಚಿತ್ರದಲ್ಲಿ ಹಾಕಿಸಿದ ತಂಡ ಇದು. ಜನ ಈ ಸಲ ಕೊಂಡರು. ಅಕ್ಟೋಬರ್ 25ರಂದು ಚಿನ್ನದ ತಟ್ಟೆಯ ಮನ್ನಣೆ ಬಂತು.

ನಾಲ್ಕೇ ದಿನ. ಅಕ್ಟೋಬರ್ 29ರಂದು ಮೇಕನ್ನಿನಲ್ಲಿ, ಓಕ್ಲಿಯ ಹೆಂಡತಿಯ ಹುಟ್ಟುಹಬ್ಬಕ್ಕೆ ಶುಭ ಕೋರಿ ಮೋಟಾರ್‌ಸೈಕಲ್ ಮೇಲೆ ಹೊರಟ ಡ್ವೇನ್, ರಸ್ತೆ ಕೂಡುವಲ್ಲಿ ಎದುರಾದ ಲಾರಿಯನ್ನು ತಪ್ಪಿಸಲು ಹೋಗಿ ಬಿದ್ದ. ಅದೇ ದಿನ ತೀರಿಕೊಂಡ. ಇನ್ನು ಮೂರು ವಾರಕ್ಕೆ ಇಪ್ಪತ್ತೈದು ತುಂಬುತ್ತಿತ್ತು. ಮರುವರ್ಷ ನವೆಂಬರ್ 11ರಂದು ಓಕ್ಲಿಯೂ ಅಲ್ಲೇ ಹತ್ತಿರದಲ್ಲಿ, ಮೋಟಾರ್‌ಸೈಕಲ್ ಅಪಘಾತದಲ್ಲೇ ಹೋದ. ಇಬ್ಬರನ್ನೂ ಅದೇ ರೋಸ್ ಹಿಲ್‌ನಲ್ಲಿ ಅಕ್ಕಪಕ್ಕ ಮಲಗಿಸಿದ್ದಾರೆ.

ಎಳೆಯ ವಯಸ್ಸಿನ ಸಾವಿಗೆ ನಮ್ಮ ವಯಸ್ಸಿನವರು ಬೇಗ ಮರುಳಾಗುತ್ತಾರೆ. ಅದಕ್ಕೆ ಬಣ್ಣ ಕಟ್ಟುವುದು ಬೇಡ. ತಂಡಕ್ಕೆ ಮಾದಕ ವಸ್ತುವಿನ ಚಟ ಹತ್ತಿತ್ತು. ಸಾಯುವ ತಿಂಗಳಲ್ಲೇ ಡ್ವೇನ್ ಅದರಿಂದ ಬಿಡಿಸಿಕೊಳ್ಳಲು ಆಸ್ಪತ್ರೆ ಸೇರಿದ್ದ. ಬದುಕಬೇಕೆಂದು ಹೊರಟಿದ್ದವನು ಅವನು. ಅವನ ಸಂಗೀತ ದೊಡ್ಡದಾದದ್ದು ಬೇಗ ಸತ್ತದ್ದರಿಂದ ಅಲ್ಲ, ವರ್ಷಕ್ಕೆ 300 ರಾತ್ರಿ ನುಡಿಸಿದ್ದರಿಂದ.

ತಂಡ ನಿಲ್ಲಲಿಲ್ಲ, ಬಿದ್ದು ಎದ್ದು 2014ರವರೆಗೆ ನಡೆಯಿತು. ಟ್ರಕ್ಸ್ ಮತ್ತು ಗ್ರೆಗ್ 2017ರಲ್ಲಿ, ಬೆಟ್ಸ್ 2024ರಲ್ಲಿ ತೀರಿಕೊಂಡರು. 2004ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಈ ಆಲ್ಬಮನ್ನು ಕಾಪಾಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು. ಬಚ್ ಟ್ರಕ್ಸ್‌ನ ಸೋದರನ ಮಗ ಡೆರೆಕ್ ಟ್ರಕ್ಸ್ ಮುಂದೆ ಡ್ವೇನ್‌ನ ಜಾಗದಲ್ಲಿ ನಿಂತು ಸ್ಲೈಡ್ ನುಡಿಸಿದ. ಅವನು ಅಲಿ ಅಕ್ಬರ್ ಖಾನರ ಸರೋದಕ್ಕೆ ಮಾರುಹೋದವನು. ಶೀಶೆಯ ಜಾರಿಕೆ ಹೀಗೆ ನಮ್ಮ ಮೀಂಡಿನ ಮನೆಗೇ ಬಂದು ಮುಟ್ಟಿತು.

ಈಗ ತಟ್ಟೆ ಹುಡುಕಬೇಕಾಗಿಲ್ಲ, ಎಲ್ಲರ ಕೈಯಲ್ಲೂ ಫೋನಿದೆ. ಆದರೆ ಚರ್ಚ್‌ಗೇಟ್ ಲೋಕಲ್‌ನ ನೂಕುನುಗ್ಗಲಿನಲ್ಲಿ ಕಿವಿಗೆ ಸಿಕ್ಕಿಸಿಕೊಂಡು ಅರ್ಧ ಕೇಳಬೇಡಿ. ಮೂರ್ನಾಲ್ಕು ಜನ ಒಟ್ಟಿಗೆ ಕೂತು, 23 ನಿಮಿಷ ಯಾರೂ ಮಾತಾಡದೆ ಕೇಳಿ. ಮೊದಲ ಸಲ ಡ್ವೇನ್‌ನನ್ನು ಹಿಂಬಾಲಿಸಿ. ಎರಡನೆಯ ಸಲ ಓಕ್ಲಿಯ ಬಾಸ್ ಹಿಡಿದು ಹೋಗಿ. ಮೂರನೆಯ ಸಲ ಎರಡು ಡ್ರಮ್‌ಗಳಲ್ಲಿ ಜೈಮೋ ಯಾವುದು ಅಂತ ಗುರುತಿಸಲು ನೋಡಿ. ಕಷ್ಟ ಇದೆ, ಆದರೆ ಸಿಗುತ್ತಾನೆ.